ಕೋಡಿ ನೋಡಿ ದೋಣಿ ಇಳಿಸಿ: ಬಯಲುಸೀಮೆಯ ಹಳ್ಳದಲ್ಲಿ ಅರ್ಧ ದಿನದ ಕಯಾಕ್ ಪಯಣಕ್ಕೆ ಸಿದ್ಧತೆ

ತುಮಕೂರು, ಚಿಕ್ಕಬಳ್ಳಾಪುರ, ಕೋಲಾರದ ಹಳ್ಳಿಗಳಲ್ಲಿ ‘ಹಳ್ಳ ಬಂತು’ ಅನ್ನುತ್ತಾರೆ. ಊರಿಗೆ ನೆಂಟರು ಬಂದ ಹಾಗೆ ಹಳ್ಳವೂ ಬರುತ್ತದೆ, ಹೋಗುತ್ತದೆ. ವರ್ಷದ ಬಹುಪಾಲು ದಿನ ಅಲ್ಲಿ ಮರಳು, ಕಲ್ಲು, ಜಾಲಿ ಗಿಡ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹುಬ್ಬೆ ಮಳೆಯಿಂದ ಸ್ವಾತಿ ಮಳೆಯವರೆಗೆ, ಅಂದರೆ ಆಗಸ್ಟ್ ಕೊನೆಯಿಂದ ನವೆಂಬರ್ ಮೊದಲ ವಾರದೊಳಗೆ, ಒಳ್ಳೆಯ ಮಳೆಯಾದ ವರ್ಷ ಕೆಲವು ದಿನ ಮಾತ್ರ ಕಯಾಕ್ ತೇಲುವಷ್ಟು ನೀರು ಹರಿಯುತ್ತದೆ. ಆ ಕೆಲವು ದಿನಗಳಲ್ಲೂ ಒಂದು ದಿನ ನೀರು ಸಾಲುವುದಿಲ್ಲ, ಇನ್ನೊಂದು ದಿನ ಜೀವ ತೆಗೆಯುವಷ್ಟಿರುತ್ತದೆ. ನಡುವಿನ ದಿನವನ್ನು ಹಿಡಿಯುವುದೇ ಇಲ್ಲಿನ ಯೋಜನೆಯ ಮುಕ್ಕಾಲು ಭಾಗ.

ಮಳೆ ಎಷ್ಟು ಬಿತ್ತು ಎಂದು ನೋಡಿ ಹೊರಡುವವರು ಸಾಮಾನ್ಯವಾಗಿ ಮೋಸ ಹೋಗುತ್ತಾರೆ. ನೋಡಬೇಕಾದ್ದು ಮೇಲಿನ ಕೆರೆಯ ಕೋಡಿಯನ್ನು, ಅಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗವನ್ನು. ಈ ಬರಹದ ಹೆಚ್ಚಿನ ಭಾಗ ಅದರ ಮೇಲೆಯೇ ಇದೆ. ಕೆರೆಯ ನಿಂತ ನೀರಿನಲ್ಲಿ ಹಲವು ಸಲ ಹುಟ್ಟು ಹಾಕಿ ಪಳಗಿದವರಿಗೆ, ಈಜು ಬರುವವರಿಗೆ, ಮಗುಚಿದ ದೋಣಿಯಿಂದ ಹೊರಬಂದು ಅದನ್ನು ನೆಟ್ಟಗೆ ಮಾಡಿ ಹತ್ತಲು ಕಲಿತವರಿಗೆ ಇದನ್ನು ಬರೆದಿದೆ. ಮೊದಲ ಸಲ ಹುಟ್ಟು ಹಿಡಿಯುವವರಿಗೆ ಹರಿಯುವ ಹಳ್ಳ ಪಾಠಶಾಲೆಯಲ್ಲ.

ಮಳೆಗೂ ಹಳ್ಳಕ್ಕೂ ನಡುವೆ ಕೆರೆ ಇದೆ

ಮಲೆನಾಡಿನ ಹಳ್ಳಕ್ಕೆ ಕಾಡು ನೀರು ಕೊಡುತ್ತದೆ. ನಮ್ಮ ಹಳ್ಳಕ್ಕೆ ನೀರು ಕೊಡುವುದು ಕೆರೆಗಳ ಸರಣಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಎರಡು ಕೆರೆಗಳ ನಡುವಿನ ಆ ಹರಿವೇ ಹಳ್ಳ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಕಡೆ ಹರಿದು ಉತ್ತರ ಪಿನಾಕಿನಿ ಸೇರುತ್ತದೆ. ಅದೇ ಬೆಟ್ಟಗಳ ಇನ್ನೊಂದು ಮಗ್ಗುಲಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಇಳಿದು ಕಾವೇರಿ ಸೇರುತ್ತದೆ. ಒಂದೇ ಮೋಡ ಬೆಟ್ಟದ ಈ ಪಕ್ಕ ಸುರಿಯಿತೋ ಆ ಪಕ್ಕ ಸುರಿಯಿತೋ ಎಂಬುದರ ಮೇಲೆ ಯಾವ ಹಳ್ಳ ಬರುತ್ತದೆ ಎಂಬುದು ತೀರ್ಮಾನವಾಗುತ್ತದೆ. ನಂದಿ ಬೆಟ್ಟಸಾಲಿನ ಕಥೆಯೂ ಇದೇ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಒಂದೇ ಬೆಟ್ಟಸಾಲಿನಿಂದ ಬೇರೆ ಬೇರೆ ದಿಕ್ಕಿಗೆ ಹೊರಡುತ್ತವೆ. ಹಾಗಾಗಿ ‘ತುಮಕೂರಲ್ಲಿ ಮಳೆ’ ಅನ್ನುವ ಸುದ್ದಿಯಿಂದ ದೋಣಿಯವರಿಗೆ ಏನೂ ತಿಳಿಯುವುದಿಲ್ಲ. ನಿಮ್ಮ ಹಳ್ಳದ ಜಲಾನಯನದಲ್ಲಿ ಯಾವ ಹೋಬಳಿ ಬರುತ್ತದೆ ಎಂದು ಭೂಪಟದಲ್ಲಿ ಗುರುತು ಮಾಡಿಕೊಂಡು ಆ ಹೋಬಳಿಯ ಮಳೆಯನ್ನಷ್ಟೇ ನೋಡಬೇಕು.

ಒಂದು ಲೆಕ್ಕ ಮಾಡಿದರೆ ಕೆರೆಯ ಪಾತ್ರ ತಿಳಿಯುತ್ತದೆ. ಒಂದು ಚದರ ಕಿಲೋಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 1,000 ಘನ ಮೀಟರ್ ನೀರು, ಅಂದರೆ 10 ಲಕ್ಷ ಲೀಟರ್. 60 ಚದರ ಕಿಲೋಮೀಟರ್ ಜಲಾನಯನದ ಒಂದು ಕೆರೆ ಇದೆ, ಅದರ ನೀರಿನ ಹರವು 100 ಹೆಕ್ಟೇರ್ ಎಂದುಕೊಳ್ಳಿ. ಒಂದು ಸಂಜೆ 40 ಮಿ.ಮೀ. ಮಳೆ ಸುರಿದರೆ ಒಟ್ಟು ಬಿದ್ದ ನೀರು 24 ಲಕ್ಷ ಘನ ಮೀಟರ್.

ಜುಲೈನಲ್ಲಿ ನೆಲ ಒಣಗಿದೆ. ಬಿದ್ದದ್ದರಲ್ಲಿ ಹತ್ತನೇ ಒಂದು ಪಾಲು ಹರಿದು ಬಂತು ಎಂದುಕೊಂಡರೆ 2.4 ಲಕ್ಷ ಘನ ಮೀಟರ್ ಕೆರೆಗೆ ಸೇರುತ್ತದೆ. ಕೆರೆಯ ನೀರು 24 ಸೆಂಟಿಮೀಟರ್ ಏರುತ್ತದೆ. ಕೋಡಿಗೆ ಇನ್ನೂ ಒಂದು ಮೀಟರ್ ಬಾಕಿ ಇದ್ದರೆ ಕೆಳಗಿನ ಹಳ್ಳಕ್ಕೆ ಒಂದು ತೊಟ್ಟೂ ಹೋಗುವುದಿಲ್ಲ. ಅದೇ 40 ಮಿ.ಮೀ. ಅಕ್ಟೋಬರ್‌ನಲ್ಲಿ ಚಿತ್ತೆ ಮಳೆಯಾಗಿ ಬೀಳಲಿ. ನೆಲ ನೆಂದು ಕುಡಿದು ಸಾಕಾಗಿದೆ, ಕೆರೆ ತುಂಬಿದೆ. ಹತ್ತರಲ್ಲಿ ನಾಲ್ಕು ಪಾಲು ಹರಿದು ಬಂದರೆ 9.6 ಲಕ್ಷ ಘನ ಮೀಟರ್. ಇದಷ್ಟೂ ಕೋಡಿ ದಾಟಿಯೇ ಹೋಗಬೇಕು. ಜುಲೈನಲ್ಲಿ ಇದೇ ಮಳೆಗೆ ಸುಮ್ಮನಿದ್ದ ಹಳ್ಳ ಈಗ ದಡ ಮೀರುತ್ತದೆ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಮಾತ್ರ ‘ಭಾರಿ ಮಳೆ’. ಅಂದರೆ ನಮ್ಮ ಉದಾಹರಣೆಯ 40 ಮಿ.ಮೀ. ಬರೀ ಸಾಧಾರಣ ಮಳೆ. ಅದಕ್ಕೆ ಹಳದಿ ಎಚ್ಚರಿಕೆ ಕೂಡ ಬರಬೇಕೆಂದಿಲ್ಲ. ಎಚ್ಚರಿಕೆ ಇಲ್ಲ ಎಂಬ ಧೈರ್ಯದಲ್ಲಿ ತುಂಬಿದ ಕೆರೆಯ ಕೆಳಗೆ ದೋಣಿ ಇಳಿಸುವುದು ತಪ್ಪಾಗುವುದು ಇದಕ್ಕೇ. ಮಧುಗಿರಿ, ಸಿದ್ಧರಬೆಟ್ಟ, ನಂದಿಯಂಥ ಬೋಳು ಬಂಡೆಯ ಬೆಟ್ಟಗಳು ಜಲಾನಯನದಲ್ಲಿದ್ದರೆ ಇನ್ನೂ ಬಿಗಿ. ಬಂಡೆ ನೀರು ಕುಡಿಯುವುದಿಲ್ಲ, ಬಿದ್ದದ್ದೆಲ್ಲ ನಿಮಿಷಗಳಲ್ಲಿ ಕೆಳಗಿಳಿಯುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಇನ್ನೊಂದು ವಿಷಯ ಸೇರಿಕೊಂಡಿದೆ. 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಆಮೇಲೆ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ನೀರು ಚಿಕ್ಕಬಳ್ಳಾಪುರದ ಕೆರೆಗಳಿಗೂ ಬಂತು. ಈ ಕೆರೆಗಳು ಮಳೆಗಾಲಕ್ಕೆ ಮುಂಚೆಯೇ ತುಂಬಿ ನಿಂತಿರಬಹುದು. ಮೊದಲ ದೊಡ್ಡ ಮಳೆಗೇ ಕೋಡಿ ಹರಿಯಬಹುದು. ಹಳೆಯವರ ‘ಈ ಹಳ್ಳ ಹಸ್ತ ಮಳೆಗಿಂತ ಮುಂಚೆ ಬರೋದಿಲ್ಲ’ ಎಂಬ ಮಾತು ಆ ಸರಣಿಗಳಲ್ಲಿ ಈಗ ನಿಲ್ಲುವುದಿಲ್ಲ. ಅದು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು. ಬಾಯಿಗೆ, ಗಾಯಕ್ಕೆ ತಾಗಬಾರದು. ಅಂಥ ಹಳ್ಳವನ್ನು ಬಿಟ್ಟು ಬೇರೆ ಆರಿಸಿಕೊಳ್ಳುವುದು ಒಳ್ಳೆಯದು.

ಬೆರಳು, ಗೇಣು, ಮೊಳ

ಹಳ್ಳಕ್ಕೆ ನೀರಿನ ಮಟ್ಟ ತೋರಿಸುವ ಸರ್ಕಾರಿ ಅಳತೆಗೋಲು ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಪ್ರತಿ ಕೆರೆಗೂ ಕೋಡಿ ಇದೆ, ಕೋಡಿಯ ಮೇಲೆ ಎಷ್ಟು ಎತ್ತರ ನೀರು ಹೋಗುತ್ತಿದೆ ಎಂದು ನೋಡಿದರೆ ಹಳ್ಳದಲ್ಲಿ ಎಷ್ಟು ನೀರಿದೆ ಎಂದು ಲೆಕ್ಕ ಹಾಕಬಹುದು. ಚಪ್ಪಟೆ ಕಲ್ಲುಕಟ್ಟಡದ ಕೋಡಿಗೆ ಎಂಜಿನಿಯರುಗಳು ಬಳಸುವ ಸೂತ್ರದಲ್ಲಿ, ಕೋಡಿಯ ಉದ್ದವನ್ನು 1.7ರಿಂದ ಗುಣಿಸಿ, ಅದನ್ನು ನೀರಿನ ಎತ್ತರದಿಂದಲೂ ಆ ಎತ್ತರದ ವರ್ಗಮೂಲದಿಂದಲೂ ಗುಣಿಸಬೇಕು. ಎಲ್ಲವೂ ಮೀಟರಿನಲ್ಲಿ. ಬರುವ ಉತ್ತರ ಸೆಕೆಂಡಿಗೆ ಘನ ಮೀಟರ್.

ಇದನ್ನು ಊರಿನವರ ಅಳತೆಗೆ ಇಳಿಸಿದರೆ ನೆನಪಿಡುವುದು ಸುಲಭ. ನಾಲ್ಕು ಬೆರಳು ಅಂದರೆ ಸುಮಾರು 7 ಸೆಂ.ಮೀ., ಗೇಣು 22, ಮೊಳ 45. ಕೋಡಿಯ ಒಂದು ಮೀಟರ್ ಉದ್ದದ ಮೇಲೆ ನಾಲ್ಕು ಬೆರಳು ನೀರು ಹೋಗುತ್ತಿದ್ದರೆ ಸೆಕೆಂಡಿಗೆ ಸುಮಾರು 30 ಲೀಟರ್. ಗೇಣು ಇದ್ದರೆ 175 ಲೀಟರ್. ಮೊಳ ಇದ್ದರೆ 510 ಲೀಟರ್. ಎತ್ತರ ನಾಲ್ಕು ಬೆರಳಿನಿಂದ ಗೇಣಿಗೆ ಮೂರು ಪಟ್ಟಾದರೆ ನೀರು ಸುಮಾರು ಆರು ಪಟ್ಟಾಗುತ್ತದೆ. ‘ಸ್ವಲ್ಪ ಜಾಸ್ತಿ ಹೋಗ್ತಿದೆ’ ಎಂದು ಕಣ್ಣಿಗೆ ಕಂಡದ್ದು ಹಳ್ಳದಲ್ಲಿ ಸ್ವಲ್ಪವಾಗಿ ಉಳಿಯುವುದಿಲ್ಲ.

30 ಮೀಟರ್ ಉದ್ದದ ಕೋಡಿಯ ಕೆಳಗೆ 8ರಿಂದ 10 ಮೀಟರ್ ಅಗಲದ ಹಳ್ಳವಿದ್ದರೆ ಹೀಗೆ ಓದಿಕೊಳ್ಳಿ. ನಾಲ್ಕು ಬೆರಳಿಗೆ ಸೆಕೆಂಡಿಗೆ ಒಂದು ಘನ ಮೀಟರಿಗೂ ಕಡಿಮೆ. ದೋಣಿಯ ತಳ ಕಲ್ಲಿಗೆ ಉಜ್ಜುತ್ತದೆ, ಅರ್ಧ ದಾರಿ ಹೊತ್ತುಕೊಂಡೇ ಹೋಗಬೇಕು. ಗೇಣಿಗೆ ಐದೂಕಾಲು ಘನ ಮೀಟರ್, ಅಂದರೆ ಸುಮಾರು 185 ಕ್ಯೂಸೆಕ್. ಹಳ್ಳದಲ್ಲಿ ತೊಡೆಯ ಆಸುಪಾಸು ಆಳ, ಚುರುಕಾದ ಆದರೆ ಹಿಡಿತಕ್ಕೆ ಸಿಗುವ ಹರಿವು. ಅನುಭವಿಗಳಿಗೆ ಇದೇ ಮೇಲಿನ ಮಿತಿ. ಕಲಿಯುತ್ತಿರುವವರಿಗೆ ಅರ್ಧ ಗೇಣು ಸಾಕು. ಮೊಳಕ್ಕೆ 15 ಘನ ಮೀಟರ್. ಆ ದಿನ ಏರಿಯ ಮೇಲೆ ನಿಂತು ನೋಡಿ ಬರಬೇಕು, ಅಷ್ಟೆ. ಕೋಡಿ 60 ಮೀಟರ್ ಇದ್ದರೆ ಅರ್ಧ ಗೇಣಿನ ಅಂಕಿಯೂ ದುಪ್ಪಟ್ಟಾಗುತ್ತದೆ ಎಂಬುದನ್ನು ಮರೆಯಬೇಡಿ. ಕೋಡಿಯ ಉದ್ದವನ್ನು ಬೇಸಿಗೆಯಲ್ಲೇ ಹೆಜ್ಜೆ ಹಾಕಿ ಅಳೆದಿಟ್ಟುಕೊಳ್ಳಿ. ಹಳೆಯ ಕೆರೆಗಳ ಕೋಡಿಯ ಮೇಲೆ ಸಾಲಾಗಿ ನೆಟ್ಟ ಕಲ್ಲುಕಂಬಗಳಿದ್ದರೆ ಅವುಗಳ ಅಗಲವನ್ನು ಉದ್ದದಿಂದ ಕಳೆಯಿರಿ.

ಈ ಅಳತೆ ಎಷ್ಟು ಹೊತ್ತು ನಿಲ್ಲುತ್ತದೆ? ಅದೇ 100 ಹೆಕ್ಟೇರ್ ಕೆರೆ, 30 ಮೀಟರ್ ಕೋಡಿ. ಮಳೆ ನಿಂತು ಮೇಲಿನಿಂದ ಹೊಸ ನೀರು ಬರದಿದ್ದರೆ ಮೊಳದಿಂದ ಗೇಣಿಗೆ ಇಳಿಯಲು ಸುಮಾರು 7 ತಾಸು, ಗೇಣಿನಿಂದ ನಾಲ್ಕು ಬೆರಳಿಗೆ ಇನ್ನೂ 18 ತಾಸು. ಅಂದರೆ ಸಂಜೆ ಮಳೆ ಸುರಿದು ಮಧ್ಯರಾತ್ರಿ ಮೊಳ ಹರಿದ ಹಳ್ಳ ಬೆಳಿಗ್ಗೆ ಏಳಕ್ಕೆ ಗೇಣಿನಲ್ಲಿರುತ್ತದೆ, ಮಾರನೇ ದಿನದ ಹೊತ್ತಿಗೆ ತಳ ಕಾಣಿಸುತ್ತದೆ. ಮೇಲೆ ಇನ್ನೂ ಮೂರ್ನಾಲ್ಕು ಕೆರೆ ಕೋಡಿ ಹರಿಯುತ್ತಿದ್ದರೆ ಇದು ಎರಡು ಮೂರು ದಿನಕ್ಕೆ ಹಿಗ್ಗುತ್ತದೆ. ‘ಮೊನ್ನೆ ಗೇಣು ಇತ್ತಂತೆ’ ಎಂಬ ಸುದ್ದಿ ನಂಬಿ ಬೆಂಗಳೂರಿನಿಂದ ದೋಣಿ ಹೇರಿಕೊಂಡು ಬರುವುದು ವ್ಯರ್ಥ. ಹೊರಡುವ ಹಿಂದಿನ ಸಂಜೆ, ಹೊರಡುವ ಬೆಳಿಗ್ಗೆ, ಎರಡು ಸಲ ಅಳತೆ ಬೇಕು. ಎರಡನೇ ಅಳತೆ ಮೊದಲನೆಯದಕ್ಕಿಂತ ಕಡಿಮೆ ಇರಬೇಕು. ಅಂಕಿ ಮಿತಿಯೊಳಗಿದ್ದರೂ ನೀರು ಏರುತ್ತಿದ್ದರೆ ಆ ದಿನ ಬಿಡಿ.

ಅಳತೆ ತಿಳಿಯಲು ಏರಿ ಪಕ್ಕದ ತೋಟದವರ ಪರಿಚಯ ಬೇಕು. ಬೇಸಿಗೆಯಲ್ಲೇ ಹೋಗಿ ಮಾತಾಡಿಸಿ, ಏನು ಮಾಡಲಿದ್ದೀರಿ ಎಂದು ಹೇಳಿ, ನಂಬರ್ ಪಡೆದುಕೊಳ್ಳಿ. ಫೋನಿನಲ್ಲಿ ‘ನೀರು ಚೆನ್ನಾಗಿದೆಯಾ’ ಎಂದು ಕೇಳಿದರೆ ‘ಭರ್ಜರಿ ಐತೆ, ಬನ್ನಿ’ ಎಂಬ ಉತ್ತರ ಬರುತ್ತದೆ. ವರ್ಷಗಟ್ಟಲೆ ಒಣಗಿದ್ದ ಕೆರೆ ತುಂಬಿದ ಸಂತೋಷ ಅದು. ‘ಅಣ್ಣಾ, ಕೋಡಿ ಮೇಲೆ ಎಷ್ಟು ಹೋಗ್ತಾ ಐತೆ, ಬೆರಳೋ, ಗೇಣೋ, ಮೊಳವೋ? ನೆನ್ನೆಗಿಂತ ಇಳಿದೈತಾ?’ ಎಂದು ಕೇಳಿದರೆ ಲೆಕ್ಕಕ್ಕೆ ಸಿಗುವ ಉತ್ತರ ಬರುತ್ತದೆ.

ಮಾರ್ಕೋನಹಳ್ಳಿಯ ಕೆಳಗೆ ಬೇರೆ ಲೆಕ್ಕ

ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷೆಗೆ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯಕ್ಕೆ ತಾನಾಗಿ ಹರಿಯುವ ಸೈಫನ್ ಕೋಡಿ ಇದೆ. ಮೇಲಿನ ಲೆಕ್ಕ ಅಲ್ಲಿಗೆ ಅನ್ವಯಿಸುವುದಿಲ್ಲ. ಸಾಮಾನ್ಯ ಕೋಡಿಯಲ್ಲಿ ನೀರು ಏರಿದಷ್ಟೇ ಹರಿವು ನಿಧಾನವಾಗಿ ಏರುತ್ತದೆ. ಸೈಫನ್ನಿನಲ್ಲಿ ನೀರು ತುಂಬು ಮಟ್ಟ ದಾಟಿದ ಸ್ವಲ್ಪದರಲ್ಲೇ ಕೊಳವೆಯೊಳಗಿನ ಗಾಳಿ ಹೊರದೂಡಿ ಹೋಗಿ, ಡಬ್ಬಿಯಿಂದ ಪೈಪಿನಲ್ಲಿ ಡೀಸೆಲ್ ಎಳೆದಂತೆ ಪೂರ್ತಿ ಹರಿವು ಒಮ್ಮೆಗೇ ಶುರುವಾಗುತ್ತದೆ. ಗಾಳಿ ಮತ್ತೆ ಒಳಗೆ ಹೋಗುವಷ್ಟು ನೀರಿನ ಮಟ್ಟ ಇಳಿಯುವವರೆಗೆ ನಿಲ್ಲುವುದಿಲ್ಲ. ಕೆಳಗೆ ಕಣಕಾಲುದ್ದ ನೀರಿನಲ್ಲಿ ನಿಂತವರಿಗೆ ಮುನ್ಸೂಚನೆ ಸಿಗುವುದಿಲ್ಲ. ಜಲಾಶಯ ತುಂಬುವ ಹತ್ತಿರ ಇರುವಾಗ ಅದರ ಕೆಳಗಿನ ಶಿಂಷೆಯನ್ನು ದೋಣಿಯ ಪಟ್ಟಿಯಿಂದ ತೆಗೆದುಬಿಡಿ. ಅಲ್ಲಿ ಇಳಿದು ಆಡುವುದೂ ಬೇಡ.

ಬೇಸಿಗೆಯಲ್ಲಿ ನಡೆದು ನೋಡಿ

ದೋಣಿಯಲ್ಲಿ ಹೋಗಬೇಕೆಂದಿರುವ ಹಳ್ಳದ ಉದ್ದಕ್ಕೂ ನೀರಿಲ್ಲದಾಗ ಒಂದು ಸಲ ನಡೆಯಲೇಬೇಕು. ಇದಕ್ಕೆ ಬದಲಿ ಇಲ್ಲ. ಉಪಗ್ರಹ ನಕ್ಷೆಯಲ್ಲಿ ಕಾಣುವುದು ಹಸಿರು ಗೆರೆ ಮಾತ್ರ. ಹಳ್ಳದ ಗುಂಡಿಯಲ್ಲಿ ಕಾಲಿಟ್ಟಾಗ ಆ ಹಸಿರೆಲ್ಲ ಬಳ್ಳಾರಿ ಜಾಲಿ ಎಂದು ತಿಳಿಯುತ್ತದೆ. ನೀರು ಬಾರದ ವರ್ಷಗಳಲ್ಲಿ ಜಾಲಿ ಹಳ್ಳದ ನಡುವೆಯೇ ಬೆಳೆದು, ಎರಡೂ ಕಡೆಯ ಕೊಂಬೆ ಸೇರಿ ಚಪ್ಪರವಾಗಿರುತ್ತದೆ. ನೀರು ಬಂದಾಗ ಆ ಚಪ್ಪರ ಜರಡಿಯಾಗುತ್ತದೆ. ನೀರು ಕೊಂಬೆಗಳ ನಡುವೆ ಹಾದುಹೋಗುತ್ತದೆ, ದೋಣಿ ಮತ್ತು ಮನುಷ್ಯ ಸಿಕ್ಕಿಕೊಳ್ಳುತ್ತಾರೆ. ಹಿಂದಿನಿಂದ ನೀರು ಒತ್ತುತ್ತಲೇ ಇರುತ್ತದೆ, ಹಿಡಿದುಕೊಳ್ಳಲು ಕೈ ಚಾಚಿದಲ್ಲೆಲ್ಲ ಎರಡು ಅಂಗುಲದ ಮುಳ್ಳು. ಗಾಳಿ ತುಂಬುವ ದೋಣಿಗೆ ಈ ಹಳ್ಳಗಳು ತಕ್ಕವಲ್ಲ ಎಂದು ಹೇಳುವುದಕ್ಕೂ ಅದೇ ಕಾರಣ. ತೇಲಿಬಂದ ಒಂದು ಒಣ ಟೊಂಗೆ ಸಾಕು.

ನಡೆಯುವಾಗ ಫೋನಿನ ಭೂಪಟದಲ್ಲಿ ಪ್ರತಿ ಅಡಚಣೆಗೂ ಗುರುತು ಹಾಕಿ: ಚೆಕ್ ಡ್ಯಾಮು, ಕಿಂಡಿ ಅಣೆಕಟ್ಟು, ಕೊಳವೆ ಹಾಕಿದ ತಗ್ಗು ಸೇತುವೆ, ಹಳ್ಳಕ್ಕೆ ಅಡ್ಡ ಎಳೆದ ಮುಳ್ಳುತಂತಿ, ಪಂಪ್‌ಸೆಟ್ ಪೈಪು ಮತ್ತು ಕೇಬಲ್, ಮರಳು ತೆಗೆದ ಗುಂಡಿ, ದಡದ ಪಾಳುಬಾವಿ. ಪಾಳುಬಾವಿಯನ್ನು ಯಾರೂ ನಿರೀಕ್ಷಿಸುವುದಿಲ್ಲ. ನೀರು ದಡ ಮೀರಿದಾಗ ಬಾವಿಯೂ ಹಳ್ಳವೂ ಒಂದೇ ಕೆಂಪು ನೀರಾಗಿ ಕಾಣುತ್ತದೆ, ದೋಣಿ ಹೊತ್ತು ದಡದಲ್ಲಿ ನಡೆಯುವವರು ಬೀಳುವುದು ಆಗ. ಸಿಮೆಂಟ್ ಕೊಳವೆಯ ತಗ್ಗು ಸೇತುವೆಯೂ ಅಷ್ಟೇ ಅಪಾಯ. ಕೊಳವೆಯ ಬಾಯಿಗೆ ತೆಂಗಿನ ಗರಿ, ಪ್ಲಾಸ್ಟಿಕ್ಕು, ಜಾಲಿ ಕಟ್ಟಿಕೊಂಡು ಒಳಗಿನಿಂದ ಎಳೆಯುತ್ತಿರುತ್ತದೆ. ಅದರೊಳಗೆ ತೂರುವ ಯೋಚನೆ ಬೇಡ, ಹತ್ತಿರಕ್ಕೂ ಹೋಗಬೇಡಿ.

ಗೌರಿಬಿದನೂರು ಕಡೆ ಉತ್ತರ ಪಿನಾಕಿನಿಗೆ ಇರುವಂಥ ಕಿಂಡಿ ಅಣೆಕಟ್ಟುಗಳಲ್ಲಿ ಮಳೆಗಾಲಕ್ಕೆ ಹಲಗೆ ತೆಗೆದಿದ್ದರೆ ನೀರು ಕಂಬಗಳ ನಡುವೆ ಸಲೀಸಾಗಿ ಹೋಗುತ್ತಿರುವಂತೆ ಕಾಣುತ್ತದೆ. ಕಯಾಕ್ ಅಡ್ಡ ತಿರುಗಿದರೆ ಎರಡು ಕಂಬಕ್ಕೆ ಒರಗಿ ಮಡಿಚಿಕೊಳ್ಳುತ್ತದೆ, ಒಳಗಿದ್ದವರ ಕಾಲು ಸಿಕ್ಕಿಕೊಳ್ಳುತ್ತದೆ. ಇಳಿದು, ಹೊತ್ತು, ದಾಟಿ.

ಚೆಕ್ ಡ್ಯಾಮಿನ ಕೆಳಗೆ ಏನಿದೆ

ನಮ್ಮ ಹಳ್ಳಗಳಲ್ಲಿ ಅತಿ ಅಪಾಯದ ಜಾಗ ಯಾವುದು ಎಂದರೆ ಇದೇ. ಒಂದೂವರೆ ಮೀಟರ್ ಎತ್ತರದ ಒಂದು ಗೋಡೆ, ಅದರ ಮೇಲೆ ಗಾಜಿನ ಹಾಳೆಯಂತೆ ನೀರು ಬೀಳುತ್ತಿದೆ, ಊರಿನವರು ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದಾರೆ. ನೋಡಲು ಆಟದ ಜಾರುಬಂಡೆ.

ಬೀಳುವ ನೀರು ನೇರ ತಳಕ್ಕೆ ಇಳಿಯುತ್ತದೆ. ತಳದಲ್ಲಿ ಮುಂದಕ್ಕೆ ಓಡಿ, ಎರಡು ಮೂರು ಮೀಟರ್ ಆಚೆ ಮೇಲಕ್ಕೆ ಉಕ್ಕುತ್ತದೆ. ಉಕ್ಕಿದ್ದರಲ್ಲಿ ಒಂದು ಪಾಲು ಕೆಳಗೆ ಹೋಗುತ್ತದೆ, ಇನ್ನೊಂದು ಪಾಲು ಮೇಲ್ಮೈಯಲ್ಲಿ ಗೋಡೆಯ ಕಡೆಗೇ ಹಿಂದಿರುಗುತ್ತದೆ. ಗೋಡೆ ದಾಟಿ ಬಿದ್ದವರನ್ನು ಈ ಹಿಮ್ಮರಳು ನೀರು ಮತ್ತೆ ಬೀಳುವ ನೀರಿನ ಬುಡಕ್ಕೆ ಎಳೆಯುತ್ತದೆ, ಅದು ತಳಕ್ಕೆ ಒತ್ತುತ್ತದೆ, ಉಕ್ಕು ಮೇಲೆತ್ತುತ್ತದೆ, ಮತ್ತೆ ಎಳೆಯುತ್ತದೆ. ಅಲ್ಲಿನ ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಲೈಫ್ ಜಾಕೆಟ್ ಕೂಡ ಪೂರ್ತಿ ಎತ್ತಿ ಹಿಡಿಯುವುದಿಲ್ಲ. ಸಹಜ ಬಂಡೆಯ ಸುಳಿಗೆ ಪಕ್ಕದಲ್ಲಿ ಎಲ್ಲಾದರೂ ದಾರಿ ಇರುತ್ತದೆ. ಚೆಕ್ ಡ್ಯಾಮಿನ ಗೋಡೆ ದಡದಿಂದ ದಡಕ್ಕೆ ಒಂದೇ ಮಟ್ಟದಲ್ಲಿದೆ, ಎರಡೂ ತುದಿಗೆ ಕಾಂಕ್ರೀಟ್ ರೆಕ್ಕೆಗೋಡೆ. ಹೊರಬೀಳುವ ಜಾಗವೇ ಇಲ್ಲ.

ಕಡಿಮೆ ನೀರಿನಲ್ಲಿ ಅದೇ ಗೋಡೆಯ ಕೆಳಗೆ ಬರೀ ಕಾಂಕ್ರೀಟ್ ಹಾಸು ಇರುತ್ತದೆ, ಸುಳಿ ಇರುವುದಿಲ್ಲ. ಕೆಳಗಿನ ನೀರು ಏರಿ ಗೋಡೆಯ ಅರ್ಧ ಮುಳುಗಿದಾಗ ಸುಳಿ ಬಲಿಯುತ್ತದೆ. ಆಗ ಬೀಳುವ ಎತ್ತರ ಕಡಿಮೆ, ಸದ್ದೂ ಕಡಿಮೆ, ನೋಡುವವರಿಗೆ ಭಯ ಹುಟ್ಟುವುದಿಲ್ಲ. ಹೋದ ವಾರ ಹುಡುಗರು ಹಾರಿ ಆಡಿದ ಜಾಗದಲ್ಲಿ ಈ ವಾರ ಮುಳುಗುವುದು ಹೀಗೆ. ದೋಣಿಯಲ್ಲಿ ಕೂತವರಿಗೆ ಮೇಲಿನಿಂದ ಕಾಣುವುದು ನೀರಿನ ಮೇಲೆ ಒಂದು ನೇರ ಅಡ್ಡಗೆರೆ ಮಾತ್ರ, ಅದರಾಚೆ ಮರಗಳ ತಲೆ ಕಾಣುತ್ತದೆ, ಬುಡ ಕಾಣುವುದಿಲ್ಲ. ಆ ಗೆರೆ ಕಂಡಾಗ ಹುಡುಕಾಡಲು ಹೊತ್ತಿರುವುದಿಲ್ಲ. ಎಡದಡವೋ ಬಲದಡವೋ, ಎಲ್ಲಿ ಇಳಿಯಬೇಕು ಎಂದು ಬೇಸಿಗೆಯ ನಡಿಗೆಯಲ್ಲೇ ಗೊತ್ತು ಮಾಡಿ, ಗೋಡೆಗೆ ಕನಿಷ್ಠ 50 ಮೀಟರ್ ಮೇಲೆ ದಡದ ಮರಕ್ಕೆ ಕೆಂಪು ಬಟ್ಟೆ ಕಟ್ಟಿ. ಹೋಗುವ ಮುನ್ನಾದಿನ ಅದು ಇನ್ನೂ ಇದೆಯೇ ಎಂದು ನೋಡಿ. ಯಾರಾದರೂ ಸುಳಿಗೆ ಸಿಕ್ಕಿದರೆ ನೀರಿಗೆ ಹಾರಬೇಡಿ. ದಡದಿಂದ ಹಗ್ಗ ಎಸೆದು, ಗೋಡೆಗೆ ಸಮಾನಾಂತರವಾಗಿ ಅಥವಾ ಹರಿವಿನ ಕಡೆಗೆ ಎಳೆಯಬೇಕು.

ದೋಣಿ, ಸಾಮಾನು, ಹೊತ್ತು

ಗಟ್ಟಿ ಪ್ಲಾಸ್ಟಿಕ್ಕಿನ, ಮೇಲೆ ಕೂರುವಂಥ ಒಂಟಿ ಕಯಾಕ್ ಇಲ್ಲಿಗೆ ಹೊಂದುತ್ತದೆ. ತೂಕ 20ರಿಂದ 25 ಕಿಲೋ, ಇಬ್ಬರು ಹೊರಬಹುದು. ಮಗುಚಿದರೆ ಒಳಗೆ ಸಿಕ್ಕಿಕೊಳ್ಳುವ ಭಯವಿಲ್ಲ. ತೇಲಲು ಒಂದು ಗೇಣು ನೀರು ಸಾಕು. ಹರಿಗೋಲು ಕೆರೆಗೆ, ಅಗಲವಾದ ಹೊಳೆಗೆ ಚೆಂದ, ಜಾಲಿ ತುಂಬಿದ ಕಿರುಹಳ್ಳದಲ್ಲಿ ಗಿರಕಿ ಹೊಡೆದು ಮುಳ್ಳಿಗೆ ಹೋಗುತ್ತದೆ.

ಮೈಗೆ ಸರಿಯಾದ ಅಳತೆಯ ಲೈಫ್ ಜಾಕೆಟ್ ಎಲ್ಲರಿಗೂ ಬೇಕು. ಹಾಕಿ ಬಿಗಿ ಮಾಡಿದ ಮೇಲೆ ಹೆಗಲಿನ ಪಟ್ಟಿ ಹಿಡಿದು ಮೇಲಕ್ಕೆ ಎಳೆದರೆ ಅದು ಗಲ್ಲ ದಾಟಬಾರದು. ಅದಕ್ಕೇ ಕಟ್ಟಿದ ಸೀಟಿ, ತಲೆಗೆ ಹೆಲ್ಮೆಟ್, ಲೇಸ್ ಕಟ್ಟುವ ಶೂ. ಚಪ್ಪಲಿ ಮೊದಲ ಕೆಸರಿಗೇ ಹೋಗುತ್ತದೆ, ಆಮೇಲೆ ಜಾಲಿ ಮುಳ್ಳು. ಗುಂಪಿಗೆ 15ರಿಂದ 20 ಮೀಟರ್ ತೇಲುವ ಹಗ್ಗದ ಎಸೆಚೀಲ ಎರಡು, ಒಂದು ಹೆಚ್ಚುವರಿ ಹುಟ್ಟು, ಹಗ್ಗ ಕತ್ತರಿಸುವ ಚಾಕು, ಮುಳ್ಳು ತೆಗೆಯುವ ಚಿಮುಟ ಇರುವ ಪ್ರಥಮ ಚಿಕಿತ್ಸೆ ಡಬ್ಬಿ, ನೀರು ಹೋಗದ ಚೀಲದಲ್ಲಿ ಫೋನು. ಕುಡಿಯಲು ತಲಾ ಎರಡು ಲೀಟರ್. ಹಗ್ಗವನ್ನು ಮೈಗೆ, ಕೈಗೆ ಎಂದೂ ಕಟ್ಟಿಕೊಳ್ಳಬಾರದು. ಗುಂಪು ಎಂದರೆ ಕಡಿಮೆ ಎಂದರೂ ಮೂರು ದೋಣಿ. ಒಬ್ಬರು ತೊಂದರೆಯಲ್ಲಿದ್ದರೆ ಒಬ್ಬರು ಜೊತೆಗಿರುತ್ತಾರೆ, ಒಬ್ಬರು ಸಹಾಯ ತರುತ್ತಾರೆ.

ಮೊದಲ ಸಲಕ್ಕೆ ಐದು ಕಿಲೋಮೀಟರಿಗಿಂತ ಉದ್ದ ಬೇಡ. ಹರಿವು ಕೂಡಿ ಗಂಟೆಗೆ ನಾಲ್ಕು ಕಿ.ಮೀ. ಸಾಗಿದರೆ ನೀರಿನ ಮೇಲೆ 75 ನಿಮಿಷ. ನಾಲ್ಕು ಅಡಚಣೆ ಇದ್ದರೆ ಇಳಿದು ಹೊತ್ತು ದಾಟಲು ತಲಾ 20 ನಿಮಿಷದಂತೆ 80 ನಿಮಿಷ. ಅರ್ಧ ಗಂಟೆ ವಿರಾಮ. ಒಟ್ಟು ಮೂರು ತಾಸು, ಹೊಸ ಜಾಗಕ್ಕೆ ಅದರ ಅರ್ಧ ಸೇರಿಸಿದರೆ ನಾಲ್ಕೂವರೆ. ಬೆಳಿಗ್ಗೆ ಏಳಕ್ಕೆ ಇಳಿದರೆ ಹನ್ನೊಂದೂವರೆಗೆ ಮೇಲೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಮ್ಮಲ್ಲಿ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಕಟ್ಟುತ್ತದೆ. ಮಧ್ಯಾಹ್ನ ಒಂದರ ಮೇಲೆ ಯಾರೂ ನೀರಿನಲ್ಲಿರಬಾರದು ಎಂದು ಮೊದಲೇ ಒಪ್ಪಿಕೊಳ್ಳಿ. ತಡವಾಗಿ ಶುರುವಾದರೆ ದಾರಿಯನ್ನು ಮೊಟಕು ಮಾಡಿ, ವೇಳೆಯನ್ನು ಹಿಗ್ಗಿಸಬೇಡಿ.

ಒಂದು ವಾಹನ ಮುಗಿಯುವ ಜಾಗದಲ್ಲಿರಲಿ. ಅದನ್ನು ಸೇತುವೆ ಕೆಳಗೆ ನೆರಳಿಗೆ ನಿಲ್ಲಿಸಬೇಡಿ. ದೋಣಿ ಸಾಗಿಸಲು ಊರಿನ ಲಗೇಜ್ ಆಟೋ ಸಾಕು.

ಅನುಮತಿಯ ವಿಷಯ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯಿತಿಯದು. ಕೆರೆಯ ನೀರಿನಲ್ಲೇ ದೋಣಿ ಇಳಿಸುವುದಾದರೆ ಕೇಳಿ, ಮೀನು ಹರಾಜು ಹಿಡಿದವರಿಗೂ ತಿಳಿಸಿ, ಅವರ ಬಲೆಗೆ ಹುಟ್ಟು ಸಿಕ್ಕರೆ ನಷ್ಟ ಅವರದು. ಜಕ್ಕಲಮಡುಗು, ಬುಗುಡನಹಳ್ಳಿಯಂಥ ಕುಡಿಯುವ ನೀರಿನ ಕೆರೆಗಳನ್ನು ಬಿಟ್ಟುಬಿಡಿ. ದೇವರಾಯನದುರ್ಗದ ಕಾಡಿನೊಳಗಿನ ಹಳ್ಳವೂ ಬೇಡ. ದೋಣಿ ಹೊತ್ತು ನಡೆಯುವಾಗ ಬದುವಿನ ಮೇಲೆ ನಡೆಯಿರಿ. ಆ ತಿಂಗಳು ರಾಗಿ ತೆನೆ ಕಟ್ಟುತ್ತಿರುತ್ತದೆ.

ಹೊರಡುವ ಬೆಳಿಗ್ಗೆ, ಮತ್ತು ನೀರಿನ ಮೇಲೆ

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಇವೆ. ದಿನದ ಮಳೆ ಎಂದರೆ ಹಿಂದಿನ ಬೆಳಿಗ್ಗೆ 8.30ರಿಂದ ಇಂದು 8.30ರವರೆಗಿನದು. ಹಾಗಾಗಿ ಏಳಕ್ಕೆ ಇಳಿಯುವವರ ಕೈಗೆ ಸಿಗುವ ದಿನದ ವರದಿಯಲ್ಲಿ ನೆನ್ನೆ ರಾತ್ರಿಯ ಮಳೆ ಇರುವುದಿಲ್ಲ. ಅದನ್ನು ತುಂಬುವುದು ಆ ಬೆಳಗಿನ ಕೋಡಿ ಫೋನು. ಸಿಡಿಲಿಗೆ ‘ದಾಮಿನಿ’ ಆ್ಯಪ್ ಇಟ್ಟುಕೊಳ್ಳಿ. ಕೆರೆ ಏರಿ ಬಿರುಕು ಬಿಟ್ಟಿದೆ, ಮರಳು ಮೂಟೆ ಹಾಕುತ್ತಿದ್ದಾರೆ ಎಂಬ ಸುದ್ದಿ ಆ ಸರಣಿಯಲ್ಲಿ ಎಲ್ಲಿಂದ ಬಂದರೂ ಯೋಜನೆ ರದ್ದು. 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ವರ್ಷಗಳಿಂದ ತುಂಬದ ಕೆರೆಗಳೂ ಕೋಡಿ ಹರಿದವು. ಬಹಳ ಕಾಲ ಒಣಗಿದ್ದ ಏರಿಯಲ್ಲಿ ಇಲಿ, ಹೆಗ್ಗಣದ ಬಿಲ, ಮರದ ಬೇರಿನ ದಾರಿ ಎಲ್ಲ ಇರುತ್ತದೆ.

ಇಳಿಯುವ ಜಾಗದಲ್ಲಿ ಹರಿವಿನ ವೇಗ ಅಳೆಯಿರಿ. ದಡದಲ್ಲಿ ಹತ್ತು ಮೀಟರ್ ಗುರುತು ಮಾಡಿ ಒಂದು ಕಿತ್ತಳೆ ಹಣ್ಣು ಎಸೆಯಿರಿ. ಒಣ ತೆಂಗಿನ ಚಿಪ್ಪು ಗಾಳಿಗೆ ಓಡುತ್ತದೆ, ಕಿತ್ತಳೆ ಮುಕ್ಕಾಲು ಮುಳುಗಿ ನೀರಿನ ಜೊತೆ ಹೋಗುತ್ತದೆ. 10 ಸೆಕೆಂಡಿಗೆ ದಾಟಿದರೆ ಸೆಕೆಂಡಿಗೆ ಒಂದು ಮೀಟರ್. ಈ ವೇಗವನ್ನು ಮೀಟರಿನಲ್ಲಿ ಆಳದಿಂದ ಗುಣಿಸಿ. 0.5 ದಾಟಿದರೆ ಆ ನೀರಿನಲ್ಲಿ ನಿಂತು ಕೆಲಸ ಮಾಡುವುದು ಕಷ್ಟ, ಬಿದ್ದವರು ಕಾಲೂರಿ ಏಳಲು ನೋಡಬಾರದು. ಬೆನ್ನ ಮೇಲೆ ಮಲಗಿ ಕಾಲು ಮುಂದಿಟ್ಟು ತೇಲುತ್ತಾ ದಡ ಸೇರಬೇಕು. ಕಲ್ಲಿನ ಸಂದಿಗೆ ಕಾಲು ಸಿಕ್ಕಿದರೆ ನೀರು ಮುಖ ಅಡಿಯಾಗಿ ಒತ್ತುತ್ತದೆ.

ಆಮೇಲೆ ನೀರಿನ ಅಂಚಿಗೆ ಸರಿಯಾಗಿ ಒಂದು ಗೂಟ ನೆಡಿ. ದೋಣಿ ಕಟ್ಟಿ, ಜಾಕೆಟ್ ಬಿಗಿದು, ತಿಂಡಿ ತಿನ್ನುವ ಅರ್ಧ ಗಂಟೆಯಲ್ಲಿ ನೀರು ಗೂಟದ ಮೇಲೆ ಎರಡು ಬೆರಳು ಏರಿದರೆ ಗಂಟು ಬಿಚ್ಚಿ ವಾಪಸು ಹೊರಡಿ. ವಿರಾಮ ನಿಲ್ಲುವಲ್ಲೆಲ್ಲ ಹೀಗೇ ಮಾಡಿ. ಮೇಲೆ 15 ಕಿ.ಮೀ. ದೂರದಲ್ಲಿ ಸುರಿದ ಮಳೆಯ ನೀರು ಗಂಟೆಗೆ ನಾಲ್ಕೈದು ಕಿ.ಮೀ. ಸಾಗಿದರೆ ಮೂರು ತಾಸಿನ ಮೇಲೆ ನಿಮ್ಮನ್ನು ಮುಟ್ಟುತ್ತದೆ. ಆಗ ನಿಮ್ಮ ತಲೆಯ ಮೇಲೆ ಬಿಸಿಲೇ ಇರಬಹುದು.

ಏರುವ ನೀರಿಗೆ ಮುನ್ಸೂಚನೆಗಳಿವೆ. ತಿಳಿಯಾಗುತ್ತಿದ್ದ ನೀರು ಮತ್ತೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುವುದು, ದಡದಲ್ಲಿ ಒಣಗಿ ಬಿದ್ದಿದ್ದ ಎಲೆ, ಕಡ್ಡಿ, ಅಡಿಕೆ ಹಾಳೆ ಒಟ್ಟಿಗೆ ತೇಲಿಬರುವುದು, ನಡುವೆ ನೊರೆಯ ಪಟ್ಟಿ, ಕಲ್ಲುಗಳ ಸದ್ದು ಅಡಗುವುದು. ಎಲೆ, ಕಡ್ಡಿ ಕಂಡರೆ ಮುಂದಿನ ತಿರುವು ನೋಡೋಣ ಅನ್ನದೆ ಎತ್ತರದ ದಡಕ್ಕೆ ಹತ್ತಿ. ದೋಣಿಯನ್ನು ಎಳೆದುಕೊಳ್ಳಲು ಆದರೆ ಸರಿ, ಆಗದಿದ್ದರೆ ಬಿಡಿ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ. ನೀರು ಬಿಟ್ಟು ಮೇಲೆ ಬನ್ನಿ. ಒಂಟಿ ಮರ, ತೆಂಗಿನ ತೋಟದ ಕೆಳಗೆ ನಿಲ್ಲಬೇಡಿ, ಕೊನೆಯ ಗುಡುಗಿನ ಮೇಲೆ 30 ನಿಮಿಷ ಕಾಯಿರಿ.

ಎಲ್ಲಿ ಇಳಿಯುತ್ತೀರಿ, ಎಲ್ಲಿ ಹತ್ತುತ್ತೀರಿ, ಎಷ್ಟು ಜನ, ದೋಣಿಯ ಬಣ್ಣ ಯಾವುದು ಎಂದು ಚೀಟಿಯಲ್ಲಿ ಬರೆದು ಮನೆಯಲ್ಲೊಬ್ಬರಿಗೆ, ಏರಿ ಪಕ್ಕದವರಿಗೊಬ್ಬರಿಗೆ ಕೊಡಿ. ‘ಮಧ್ಯಾಹ್ನ ಒಂದು ಗಂಟೆಗೆ ಫೋನ್ ಬರದಿದ್ದರೆ ಮೊದಲು ನಮಗೆ ಮಾಡಿ, ಸಿಗದಿದ್ದರೆ 112’ ಎಂದು ಅದರಲ್ಲೇ ಇರಲಿ.

ಮೇಲೆ ಬಂದ ಮೇಲೆ ಸೋಪು ಹಾಕಿ ಮೈ ತೊಳೆಯಿರಿ, ಗೀರುಗಾಯಗಳಿಗೆ ಔಷಧಿ ಹಚ್ಚಿ. ಎರಡು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಹಳ್ಳದ ನೀರಿನಲ್ಲಿದ್ದೆ ಎಂದು ವೈದ್ಯರಿಗೆ ಹೇಳಿ, ಇಲಿಜ್ವರ ಇರಬಹುದು. ದೋಣಿಯನ್ನು ಬಿಸಿಲಿಗೆ ಒಣಗಿಸಿ, ಅಂತರಗಂಗೆಯ ಬೇರು ಅಂಟಿದ್ದರೆ ಕಿತ್ತು ಸುಟ್ಟುಹಾಕಿ, ಇನ್ನೊಂದು ಕೆರೆಗೆ ಅದು ಹೋಗಬಾರದು. ಮಲಗುವ ಮುಂಚೆ ಒಂದು ಪುಸ್ತಕದಲ್ಲಿ ತಾರೀಖು, ಆ ಬೆಳಗಿನ ಕೋಡಿಯ ಅಳತೆ, ಹಿಂದಿನ ಮೂರು ದಿನದ ಮಳೆ, ಕಿತ್ತಳೆ ಹತ್ತು ಮೀಟರಿಗೆ ತೆಗೆದುಕೊಂಡ ಸೆಕೆಂಡು, ದೋಣಿ ಎಲ್ಲಿ ತಳ ತಾಗಿತು ಎಂಬುದನ್ನು ಬರೆದಿಡಿ. ಎರಡು ಮೂರು ಮಳೆಗಾಲ ಬರೆದರೆ ಆ ಹಳ್ಳಕ್ಕೆ ಎಷ್ಟು ಬೆರಳಿಗೆ ದೋಣಿ ಇಳಿಸಬಹುದು ಎಂದು ಆ ಪುಸ್ತಕ ನೋಡಿಯೇ ಹೇಳಬಹುದು.